ಆಚೆ ದಡದ ಮಾತು

“‘ವಿಷಾದ’ ಬೇಡ. ವಿಷಾದ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ. ‘ಬೇಸರ’ ಅನ್ನಿ, ಸಾಕು,” ಎಂದರು ಕಾರ್ಯದರ್ಶಿ.

ದುಭಾಷಿ ಮೇಜಿನ ಇನ್ನೊಂದು ಬದಿಗೆ ತಿರುಗಿದ. ಆಚೆ ದಡದವರ ಭಾಷೆಯಲ್ಲಿ ವಿಷಾದಕ್ಕೂ ಬೇಸರಕ್ಕೂ ಇರುವುದು ಒಂದೇ ಪದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ವಿಷಾದ ಬೇಡ, ವಿಷಾದ ಸಾಕು ಎಂದಾಗುತ್ತದೆ. ಒಂದು ಗುಟುಕು ನೀರು ಕುಡಿದು, “ಸ್ವಲ್ಪ ಕಡಿಮೆ ವಿಷಾದ,” ಎಂದು ಹೇಳಿದ.

ಆಚೆಯ ನೌಕಾಪಡೆಯ, ಬಿಳಿ ಸಮವಸ್ತ್ರದ ಕಮೊಡೋರ್ ಗಂಭೀರವಾಗಿ ತಲೆಯಾಡಿಸಿದರು. “ಕಡಿಮೆ ವಿಷಾದ ನಮಗೂ ಒಪ್ಪಿಗೆ.”

ಯಾರೂ ನಗಲಿಲ್ಲ. ನಗಬಹುದಾಗಿದ್ದವನು ಎರಡೂ ಭಾಷೆ ಬಲ್ಲ ಅವನೊಬ್ಬನೇ. ದುಭಾಷಿಗೆ ನಗುವ ಅಧಿಕಾರವಿರುವುದಿಲ್ಲ.

ಸಾಗರ ಭದ್ರತಾ ಸಹಕಾರ ಒಪ್ಪಂದದ ಕೊನೆಯ ಸುತ್ತು ಅದು. ಉದ್ದನೆಯ ಮೇಜು, ಎರಡು ಪುಟ್ಟ ಬಾವುಟ, ಕಾಗದದ ಟೋಪಿ ಹಾಕಿಕೊಂಡ ನೀರಿನ ಲೋಟಗಳು. ಎರಡು ದೇಶಗಳ ನಡುವೆ ಇರುವುದು ಒಂದೇ ಸಮುದ್ರ. ಅದನ್ನು ಇನ್ನು ಮೇಲೆ ಇಬ್ಬರೂ ಸೇರಿ ಕಾಯುವುದು, ರೇಡಾರ್ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುವುದು, ಈಚೆಯವರು ಆಚೆಯವರಿಗೆ ಎರಡು ಗಸ್ತು ಹಡಗು ಕೊಡುವುದು. ಯಾರಿಂದ ಕಾಯುವುದು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಮೂರನೆಯವರು’ ಎಂದು ಕಾರ್ಯದರ್ಶಿ ಕಣ್ಣು ಮಿಟುಕಿಸುತ್ತಿದ್ದರು. ಅವನು ‘ಆ ಮೂರನೆಯವರು’ ಎಂದು, ಕಣ್ಣು ಮಿಟುಕಿಸದೆ, ಅನುವಾದಿಸುತ್ತಿದ್ದ.

ಅವನ ಕುರ್ಚಿ ಎರಡು ದೊಡ್ಡ ಕುರ್ಚಿಗಳ ಮಧ್ಯೆ, ಒಂದು ಮೊಳ ಹಿಂದೆ. ಅದಕ್ಕೆ ಕೈಗಳಿರಲಿಲ್ಲ. ಆಚೆಯವರು ತಮ್ಮ ಕಡೆಯ ದುಭಾಷಿಯನ್ನು ಕರೆತಂದೇ ಇರಲಿಲ್ಲ; ಅದು ಸೌಹಾರ್ದದ ಗುರುತು ಎಂದು ಪತ್ರಿಕೆಯವರು ಬರೆದಿದ್ದರು. ಅದನ್ನು ಓದಿದ ದಿನ ಅವನಿಗೆ ಒಂದಿಷ್ಟು ಹೆಮ್ಮೆಯೇ ಆಗಿತ್ತು. ಎರಡು ದೇಶ ಒಂದು ನಾಲಗೆಯ ಮೇಲೆ ಕೂತಿವೆ.

ಒಳ್ಳೆಯ ದುಭಾಷಿ ಕೋಣೆಯಲ್ಲಿ ಇರುವುದೇ ಇಲ್ಲ. ಅವನು ಎಷ್ಟೋ ವರ್ಷಗಳಿಂದ ಎಷ್ಟೋ ಕೋಣೆಗಳಲ್ಲಿ ಹೀಗೆ ಇಲ್ಲದೆ ಬಂದಿದ್ದ. ದಿನವಿಡೀ ‘ನಾನು’ ಎನ್ನುತ್ತಿದ್ದ. ನಾನು ಈ ಪ್ರಸ್ತಾಪವನ್ನು ಸ್ವಾಗತಿಸುತ್ತೇನೆ, ನಾನು ತೀವ್ರ ಆಕ್ಷೇಪ ವ್ಯಕ್ತಪಡಿಸುತ್ತೇನೆ. ಯಾವ ‘ನಾನೂ’ ಅವನದಲ್ಲ. ಸಂಜೆ ಮನೆಗೆ ಹೋಗಿ ‘ನನಗೆ ತಲೆ ನೋವು’ ಎಂದರೆ ಅದು ಯಾರ ತಲೆ ಎಂದು ಒಂದು ಕ್ಷಣ ಅನುಮಾನವಾಗುತ್ತಿತ್ತು. ಹೆಂಡತಿ ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಂಡು, ಇದನ್ನು ಯಾರಿಗೆ ತಿರುಗಿ ಹೇಳಬೇಕು ಎಂದು ಅತ್ತಿತ್ತ ನೋಡುತ್ತಿದ್ದ. “ನಾನು ಹೇಳಿದ್ದು ನಿಮಗೇ,” ಎಂದು ಅವಳು ನೆನಪಿಸಬೇಕಿತ್ತು.

ಆ ಭಾಷೆ ಅವನಿಗೆ ಬಂದದ್ದು ತಾಯಿಯಿಂದ. ಅವನ ಅಪ್ಪ ಸರಕು ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಒಂದು ಸಲ ಆಚೆ ದಡದಲ್ಲಿ ಹಡಗು ರಿಪೇರಿಗೆ ನಿಂತಾಗ ಅಲ್ಲಿಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಕರೆದುಕೊಂಡು ಬಂದರು. ಅಪ್ಪನ ಕಡೆಯವರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಆಚೆಯವಳು’ ಎನ್ನುತ್ತಿದ್ದರು. ಆಚೆಯವಳು ಬಂದಳಾ, ಆಚೆಯವಳು ಉಂಡಳಾ. ಮದುವೆಯಾದ ಕೆಲವು ವರ್ಷಕ್ಕೆ ಎರಡು ದೇಶಗಳ ಸಂಬಂಧ ಹಳಸಿತು. ಹಡಗುಗಳು ನಿಂತವು, ಕಾಗದಗಳು ನಿಂತವು. ಆಮೇಲೆ ಅವಳು ತನ್ನ ಭಾಷೆಯನ್ನು ಬೀದಿಯಲ್ಲಿ ಆಡುವುದನ್ನು ಬಿಟ್ಟಳು. ಅಡುಗೆಮನೆಯ ಬಾಗಿಲು ಮುಂದಕ್ಕೆ ತಳ್ಳಿ, ನಲ್ಲಿ ತಿರುಗಿಸಿಟ್ಟು, ಮಗನ ಜೊತೆ ಮೆಲ್ಲಗೆ ಆಡುತ್ತಿದ್ದಳು. ಅವನಿಗೆ ಆ ಭಾಷೆ ಇಂದಿಗೂ ನೀರು ಬೀಳುವ ಸದ್ದಿನ ಜೊತೆಗೇ ನೆನಪಾಗುತ್ತದೆ.

ಅದು ಕರಾವಳಿಯ ಒರಟು ಮಾತು. ಆಮೇಲೆ ಅವನು ವಿಶ್ವವಿದ್ಯಾಲಯದಲ್ಲಿ ಅದರ ಶುದ್ಧ ರೂಪ ಕಲಿತು, ಪದವಿ ಪಡೆದು, ಮಂತ್ರಾಲಯ ಸೇರಿದ. ಅವನ ಶುದ್ಧ ರೂಪ ಕೇಳಿದರೆ ತಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಇಸ್ತ್ರಿ ಹಾಕಿದ ಹಾಗೆ ಮಾತಾಡ್ತೀಯಲ್ಲೋ,” ಎನ್ನುತ್ತಿದ್ದಳು.

ಇವತ್ತು ಬೆಳಿಗ್ಗೆ ಅವನು ಹೊರಡುವಾಗ ಅವಳು ಟೀವಿ ಎದುರಿಗೆ ಕುರ್ಚಿ ಎಳೆದುಕೊಂಡು ಆಗಲೇ ಕೂತುಬಿಟ್ಟಿದ್ದಳು.

“ಇನ್ನೂ ಹೊತ್ತಿದೆ ಅಮ್ಮಾ. ನೇರ ಪ್ರಸಾರ ಮಧ್ಯಾಹ್ನದ ಮೇಲೆ.”

“ಇರಲಿ. ಜಾಗ ಹಿಡಿದಿರ್ತೀನಿ,” ಎಂದಳು ಅವಳು, ಆಚೆ ಮಾತಿನಲ್ಲಿ. “ಆ ಹುಡುಗ ಮಾತಾಡ್ತಾನಂತಲ್ಲ. ನಮ್ಮ ಕಡೆಯವನ ದನಿ ಕೇಳಿ ಎಷ್ಟು ಕಾಲ ಆಯ್ತು.”

ಆ ಹುಡುಗ ಎಂದರೆ, ಬದುಕಿ ಉಳಿದವನು. ಕಳೆದ ತಿಂಗಳು ಈಚೆಯ ಗಸ್ತು ಹಡಗು ಆಚೆಯ ಮೀನು ದೋಣಿಯೊಂದಕ್ಕೆ ಗುದ್ದಿತ್ತು. ದೋಣಿ ಮುಳುಗಿತು. ಸಿಕ್ಕವನು ಇವನೊಬ್ಬ. ಜಂಟಿ ಹೇಳಿಕೆಯಲ್ಲಿ ಅದು ‘ದುರದೃಷ್ಟಕರ ಘಟನೆ’. ಅದರ ಬಗ್ಗೆಯೇ ಕಡಿಮೆ ವಿಷಾದ. ನೌಕಾಪಡೆಯ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಅವನನ್ನು ಇವತ್ತು ಬಂದರಿನಲ್ಲಿ, ಹಡಗು ನಿಲ್ಲುವ ಧಕ್ಕೆಯ ಮೇಲೆ, ಕ್ಯಾಮೆರಾಗಳ ಮುಂದೆ, ಕಮೊಡೋರರಿಗೆ ಒಪ್ಪಿಸುವುದಿತ್ತು. ಸಹಿ ಆಮೇಲೆ.

“ಎರಡು ಮಾತು ಆಡಿಸಿ, ಮುಗಿಸಿಬಿಡಿ,” ಎಂದರು ಕಾರ್ಯದರ್ಶಿ, ಮೆಟ್ಟಿಲು ಇಳಿಯುತ್ತ. “ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಅಂದ್ರೆ ಸಾಕು. ಸರಾಗವಾಗಿ ಹೋಗಲಿ.”

ಅಷ್ಟೇ ಹೇಳಿದ್ದು. ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಆಮೇಲೆ ಅವನು ಎಷ್ಟು ಸಲ ನೆನಪಿಸಿಕೊಂಡರೂ, ಇದಕ್ಕಿಂತ ಹೆಚ್ಚಿಗೆ ಅವರು ಹೇಳಿದ್ದು ನೆನಪಿಗೆ ಬರಲಿಲ್ಲ.

ಧಕ್ಕೆಯ ಪಕ್ಕದ ಕಾಯುವ ಕೋಣೆಯಲ್ಲಿ ಆ ಮನುಷ್ಯ ಬೆಂಚಿನ ತುದಿಯಲ್ಲಿ ಕೂತಿದ್ದ. ಹುಡುಗನೇನಲ್ಲ, ಮೂವತ್ತು ದಾಟಿದವನು. ಯಾರೋ ಕೊಟ್ಟ ಹೊಸ ಬಿಳಿ ಅಂಗಿಯ ಮಡಿಕೆಗಳು ಹಾಗೇ ಇದ್ದವು. ಕೆನ್ನೆಯ ಮೇಲೆ ಬಿಸಿಲಿಗೆ ಸುಲಿದ ಚರ್ಮ ಮತ್ತೆ ಬೆಳೆದು ನಸುಗೆಂಪಾಗಿತ್ತು. ಬಾಗಿಲಲ್ಲಿ ನಿಂತಿದ್ದ ನಾವಿಕನನ್ನು ಹೊರಗೆ ಕಳಿಸಿ, ದುಭಾಷಿ ಬೆಂಚಿನ ಮೇಲೆ ಕೂತು, “ಊಟ ಆಯ್ತಾ?” ಎಂದ.

ಕೇಳಿದ್ದು ತಾಯಿಯ ಮಾತಿನಲ್ಲಿ. ಯಾಕೆ ಶುದ್ಧ ರೂಪ ಬಾಯಿಗೆ ಬರಲಿಲ್ಲವೋ.

ಆ ಮನುಷ್ಯ ಬೆಚ್ಚಿಬಿದ್ದ. “ನೀನು ನಮ್ಮ ಕಡೆಯವನಾ ಅಣ್ಣಾ?”

“ನನ್ನ ತಾಯಿ.”

“ಯಾವೂರು?”

ಅವನು ಹೇಳಿದ.

“ಅಯ್ಯೋ, ಎರಡು ಅಳಿವೆ ದಾಟಿದ್ರೆ ನಮ್ಮೂರು!” ಆ ಮನುಷ್ಯ ಅವನ ಮಂಡಿಯ ಮೇಲೆ ಕೈಯಿಟ್ಟ. ತೆಗೆಯಲಿಲ್ಲ. “ಒಂದು ತಿಂಗಳಿಂದ ಒಬ್ಬರ ಹತ್ತಿರ ಬಾಯಿ ಬಿಟ್ಟಿಲ್ಲ. ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಸಾಹೇಬ ಬಂದಿದ್ದ. ರೇಡಿಯೋ ಮಾತಾಡಿದ ಹಾಗೆ ಮಾತಾಡ್ತಾನೆ. ನಾನು ಹೂಂ ಹೂಂ ಅಂದೆ, ಎದ್ದು ಹೋದ.”

ಅವನಿಗೆ ನಗು ಬಂತು. ಬಹಳ ದಿನಗಳ ಮೇಲೆ ತನ್ನದೇ ಎನ್ನಬಹುದಾದ ನಗು.

“ನೋಡು,” ಎಂದ. “ಹೊರಗೆ ಕ್ಯಾಮೆರಾ ಇರ್ತಾವೆ. ಹೆದರಬೇಡ. ಎರಡು ಮಾತು. ನಿನ್ನ ಎತ್ತಿದವರಿಗೆ ಒಳ್ಳೇದಾಗಲಿ ಅಂದುಬಿಡು.”

“ಅಂತೀನಿ. ಎತ್ತಿದವರು ಒಳ್ಳೆಯವರೇ. ಚಹಾ ಕೊಟ್ಟರು, ಕಂಬಳಿ ಹೊದಿಸಿದರು.” ಆ ಮನುಷ್ಯ ಇನ್ನೊಂದು ಕೈಯಿಂದ ಅಂಗಿಯ ಮಡಿಕೆ ನೇವರಿಸಿದ. “ನನ್ನ ತಮ್ಮನ ವಿಷಯ ಹೇಳಬಹುದಾ?”

“ತಮ್ಮನದೇನು?”

ಬಾಗಿಲು ಬಡಿದ ಸದ್ದಾಯಿತು. ಹೊತ್ತಾಯಿತು ಎಂದು ಯಾರೋ ಕರೆದರು. ಮಂಡಿಯ ಮೇಲಿನ ಕೈ ಹಾಗೇ ಇತ್ತು. ಆ ಕೈ ತೆಗೆಸುವುದಕ್ಕೋ, ಮಾತು ಮುಗಿಸುವುದಕ್ಕೋ, ಅವನು “ಹೇಳು, ಹೇಳು,” ಎಂದು ಎದ್ದ.

“ನೀನು ಸರಿಯಾಗಿ ತಿಳಿಸಬೇಕು ಅಣ್ಣಾ. ಒಂದೂ ಬಿಡದೆ.”

“ಹೂಂ.”

ಧಕ್ಕೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಕೆಂಪು ಹಾಸಿನ ಈ ತುದಿಗೆ ಸಚಿವರು, ಕಾರ್ಯದರ್ಶಿ. ಆ ತುದಿಗೆ ಕಮೊಡೋರ್, ಅವರ ಹಿಂದೆ ಬೂದು ಬಣ್ಣದ ಎರಡು ಯುದ್ಧನೌಕೆಗಳು, ಒಂದು ಅವರದು, ಒಂದು ಇವರದು. ನಡುವೆ ಎರಡು ಮೈಕು. ಒಂದು ಬದುಕಿ ಉಳಿದವನಿಗೆ, ಒಂದು ದುಭಾಷಿಗೆ.

ಆ ಮನುಷ್ಯ ಮೈಕನ್ನು ಮೊದಲು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳುವವನ ಹಾಗೆ, ಹೇಳತೊಡಗಿದ.

“ನಮ್ಮ ಇಂಜಿನ್ ಕೆಟ್ಟಿತ್ತು. ನೀರು ಈ ಕಡೆ ಎಳಕೊಂಡು ಬಂತು. ಹಗಲು ಹೊತ್ತು. ಸಮುದ್ರ ತಟ್ಟೆಯ ಹಾಗಿತ್ತು. ದೂರದಲ್ಲಿ ಹಡಗು ಕಾಣಿಸ್ತು. ನನ್ನ ತಮ್ಮ ದೋಣಿಯ ಮೂತಿಯ ಮೇಲೆ ನಿಂತು, ಅಂಗಿ ಬಿಚ್ಚಿ ಬೀಸಿದ. ಹಡಗಿನ ಮೇಲಿದ್ದ ಒಬ್ಬ ತಿರುಗಿ ಕೈ ಬೀಸಿದ. ತಮ್ಮ ನಕ್ಕ. ನೋಡಿದ್ರು, ಬರ್ತಾರೆ ಅಂದ. ಅವರು ಬಂದ್ರು. ನಿಲ್ಲಿಸಲಿಲ್ಲ.”

ಕ್ಯಾಮೆರಾಗಳ ಸದ್ದು. ಒಂದು ಹಕ್ಕಿ ಹಾಸಿನ ಮೇಲೆ ಇಳಿದು, ಬಿಸಿಯೆನಿಸಿತೋ ಏನೋ, ಹಾರಿಹೋಯಿತು.

“ಆಮೇಲೆ ನಾನು ನೀರಲ್ಲಿದ್ದೆ. ತಮ್ಮ ಇರಲಿಲ್ಲ. ಹಡಗು ದೊಡ್ಡದಾಗಿ ಒಂದು ಸುತ್ತು ಹಾಕಿ ಹೋಯ್ತು. ಮಾರನೇ ದಿನ ಬೇರೆಯವರು ಬಂದು ನನ್ನ ಎತ್ತಿದ್ರು. ಅವರಿಗೆ ಒಳ್ಳೇದಾಗಲಿ. ಆದ್ರೆ ಆ ಕೈ ಬೀಸಿದವನು ಇಲ್ಲೇ ಎಲ್ಲೋ ಇರ್ತಾನೆ. ಅವನನ್ನ ಒಂದು ಸಲ ನೋಡಬೇಕು. ಬಯ್ಯೋದಕ್ಕಲ್ಲ. ಯಾಕೆ ಕೈ ಬೀಸಿದೆ ಅಂತ ಕೇಳಬೇಕು.”

ಹೇಳಿ, ದುಭಾಷಿಯ ಕಡೆ ತಿರುಗಿದ. ಭಾರ ಇಳಿಸಿ, ತೆಗೆದುಕೋ ಎನ್ನುವವನ ಮುಖ.

ಎಲ್ಲರೂ ಅವನತ್ತ ನೋಡಿದರು. ಸಚಿವರು ಮುಗುಳ್ನಗೆಯನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಕಮೊಡೋರರ ಬೆರಳುಗಳು ಟೋಪಿಯ ಅಂಚಿನ ಮೇಲೆ ಬಿಗಿಯಾಗಿದ್ದವು. ಅಷ್ಟು ಜನ ತನ್ನನ್ನು ಒಟ್ಟಿಗೆ ನೋಡಿದ್ದು ಅವನ ಜೀವಮಾನದಲ್ಲೇ ಮೊದಲು. ಕೋಣೆಯಲ್ಲಿ ಇಲ್ಲದವನಾಗಿ ಇರಲು ಅಲ್ಲಿ ಕೋಣೆಯೇ ಇರಲಿಲ್ಲ. ಬಟ್ಟಬಯಲು, ಬಿಸಿಲು.

ಬಾಯಿ ತೆರೆದ. ಬಾಯಿ ತಾನೇ ಹೇಳಿತು.

“ಅಂದು ಸಮುದ್ರ ಒರಟಾಗಿತ್ತು. ಅಲೆ ಜೋರಾಗಿ, ಎದುರಿನದೇನೂ ಕಾಣಿಸುತ್ತಿರಲಿಲ್ಲ. ನಾನು ನನ್ನ ತಮ್ಮನನ್ನು ಕಳೆದುಕೊಂಡೆ. ಈ ದೇಶದ ನಾವಿಕರು ನನ್ನನ್ನು ಹುಡುಕಿ ನೀರಿನಿಂದ ಎತ್ತಿದರು. ಹಡಗಿನ ಮೇಲಿನಿಂದ ಒಬ್ಬರು ನನಗೆ ಕೈ ಬೀಸಿದ್ದು ಇನ್ನೂ ಕಣ್ಣ ಮುಂದಿದೆ. ಅವರನ್ನು ಒಂದು ಸಲ ಕಂಡು ಕೃತಜ್ಞತೆ ಹೇಳಬೇಕೆಂದಿದ್ದೇನೆ.”

ಅವನಿಗೇ ಆಶ್ಚರ್ಯವಾಯಿತು, ಎಷ್ಟು ಚೆನ್ನಾಗಿ ಬಂತು. ತಮ್ಮ ಇದ್ದ, ಹಡಗು ಇತ್ತು, ಬೀಸಿದ ಕೈ ಸಹ ಇತ್ತು. ಮಾತಿನ ಉದ್ದವೂ ಹೆಚ್ಚುಕಡಿಮೆ ಸರಿಹೊಂದಿತ್ತು. ಎಲ್ಲೂ ತಡವರಿಸಲಿಲ್ಲ. ಕಸುಬಿನವನ ಒಂದು ಸಣ್ಣ ಖುಷಿ ಎದೆಯಲ್ಲಿ ಮಿನುಗಿತು. ಅದು ಆರುವ ಮೊದಲೇ ಚಪ್ಪಾಳೆ ಶುರುವಾಯಿತು.

ಸಚಿವರು ತಟ್ಟಿದರು. ಕಾರ್ಯದರ್ಶಿ ತಟ್ಟಿದರು. ಕಮೊಡೋರ್ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದರು. ಸಾಲಾಗಿ ನಿಂತ ನಾವಿಕರು ಅಪ್ಪಣೆ ಸಿಕ್ಕ ಮೇಲೆ ತಟ್ಟಿದರು. ಆ ಸಾಲಿನಲ್ಲಿ ಯಾವುದಾದರೊಂದು ಜೊತೆ ಕೈ ತಟ್ಟದೆ ಇದೆಯೇ ಎಂದು ಅವನು ನೋಡಿದ. ಇರಲಿಲ್ಲ.

ಆ ಮನುಷ್ಯ ಮಾತ್ರ ಸುತ್ತಲೂ ನೋಡುತ್ತ ನಿಂತಿದ್ದ. ಅವನ ಬಾಯಿ ಸ್ವಲ್ಪ ತೆರೆದಿತ್ತು.

ಹಾಸಿನ ಮೇಲೆ ಅವನನ್ನು ನಡೆಸಿಕೊಂಡು ಹೋಗುವಾಗ ಆ ಮನುಷ್ಯ ತೋಳು ಹಿಡಿದ. “ಅಣ್ಣಾ. ಎಲ್ಲಾ ಹೇಳಿದೆಯಲ್ಲಾ?”

“ಹೇಳಿದೆ.”

“ತಮ್ಮ ನಕ್ಕದ್ದು?”

“ಹೇಳಿದೆ.”

“ಮತ್ತೆ ಯಾಕೆ ಚಪ್ಪಾಳೆ ತಟ್ಟಿದರು?”

ಕೆಂಪು ಹಾಸು ಇನ್ನೂ ಸ್ವಲ್ಪ ಉಳಿದಿತ್ತು. ಕಮೊಡೋರ್ ಕೈ ಚಾಚಿ ಕಾಯುತ್ತಿದ್ದರು.

“ಇಲ್ಲಿ ಹಾಗೇ,” ಎಂದ ಅವನು. “ಸಾವಿಗೂ ತಟ್ಟುತ್ತಾರೆ. ಗೌರವಕ್ಕೆ.”

ಆ ಮನುಷ್ಯ ಅದನ್ನು ಒಂದು ಕ್ಷಣ ಯೋಚಿಸಿದ. ಆಮೇಲೆ, ಪರವೂರಿನ ರೀತಿ ಪರವೂರಿನದು ಎಂಬಂತೆ ತಲೆದೂಗಿ, ನೆರೆದವರ ಕಡೆ ತಿರುಗಿ, ತಾನೂ ನಿಧಾನವಾಗಿ ಎರಡು ಸಲ ಕೈ ತಟ್ಟಿದ. ಛಾಯಾಗ್ರಾಹಕರು ಮುಗಿಬಿದ್ದರು. ಮಾರನೆಯ ದಿನದ ಮುಖಪುಟಕ್ಕೆ ಬೇಕಾದದ್ದು ಅವರಿಗೆ ಸಿಕ್ಕಿತು.

ಸಹಿ ಸರಾಗವಾಗಿ ಹೋಯಿತು. ಸಚಿವರು ಸಿದ್ಧ ಭಾಷಣವನ್ನು ಪಕ್ಕಕ್ಕಿಟ್ಟು, ಗದ್ಗದಿತರಾಗಿ, “ಅಲೆಗಳ ನಡುವೆ ಬೀಸಿದ ಆ ಕೈ ಈ ಎರಡು ದೇಶಗಳ ಬಾಂಧವ್ಯದ ಕೈ,” ಎಂದರು. ಅವನು ಅದನ್ನು ಅನುವಾದಿಸಿದ. ‘ಬಾಂಧವ್ಯ’ಕ್ಕೆ ಆಚೆ ಭಾಷೆಯಲ್ಲಿ ಒಳ್ಳೆಯ ಪದವೊಂದಿದೆ; ಅದನ್ನೇ ಹಾಕಿದ.

ನೌಕಾಪಡೆಯ ಭೋಜನಗೃಹದ ಹುಲ್ಲುಹಾಸಿನ ಮೇಲೆ ಚಹಾಕೂಟ. ಅವನು ಎರಡು ಗುಂಪುಗಳ ನಡುವೆ, ಬಿಸ್ಕತ್ತಿಲ್ಲದ ಕಪ್ಪು ಹಿಡಿದು ನಿಂತಿದ್ದ. ಬಾಯಿ ಖಾಲಿ ಇಟ್ಟುಕೊಳ್ಳಬೇಕಾದದ್ದು ಕಸುಬಿನ ನಿಯಮ. ಯಾರಾದರೂ ಬಂದು ಭುಜ ಹಿಡಿದು ತಿರುಗಿಸಿ ಕೇಳುತ್ತಾರೆ ಎಂದು ಅವನು ಕಾಯುತ್ತಿದ್ದ. ಯಾರೂ ಬರಲಿಲ್ಲ. ಕೊನೆಗೆ ಅವನೇ ಕಮೊಡೋರರ ಹತ್ತಿರ ಹೋದ.

“ಧಕ್ಕೆಯ ಮೇಲೆ ಆ ಮನುಷ್ಯ ಹೇಳಿದ್ದು,” ಎಂದು ಶುರುಮಾಡಿದ. “ನಿಮಗೆ ಕೇಳಿಸಿತಲ್ಲ?”

“ಕೇಳಿಸಿತು. ಅರ್ಥವಾಗಲಿಲ್ಲ.” ಕಮೊಡೋರ್ ಅವನ ಕಣ್ಣನ್ನೇ ನೋಡುತ್ತ ನಕ್ಕರು. “ನಾನು ಬೆಟ್ಟದ ಕಡೆಯವನು. ಕರಾವಳಿಯವರ ಮಾತು ನನಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ವಾಹಿನಿಯವರಿಗೂ ಹೇಳಿದ್ದೇನೆ, ಅವನ ದನಿ ಬೇಡ, ನಿಮ್ಮ ಮಾತಿನ ಅನುವಾದವನ್ನೇ ಹಾಕಿ ಅಂತ. ನಿಮ್ಮದೇ ಹೆಚ್ಚು ಸ್ಪಷ್ಟ.”

“ಆದರೆ ಅವನು…”

“ಎರಡು ಹಡಗು, ಸ್ವಾಮಿ,” ಎಂದರು ಕಮೊಡೋರ್, ತುಂಬ ಮೆಲ್ಲಗೆ. “ನಮ್ಮ ಬಳಿ ಈಗ ಇರುವುದು ತುಕ್ಕು.” ಇನ್ಯಾರದೋ ಕೈ ಕುಲುಕಲು ಅವರು ತಿರುಗಿಕೊಂಡರು.

ಕಾರ್ಯದರ್ಶಿ ಹಿಂದಿನಿಂದ ಬಂದು ಬೆನ್ನು ತಟ್ಟಿದರು. ಅವರ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. “ಏನಯ್ಯಾ ಅದು, ಆ ಕೈ ಬೀಸಿದ್ದು! ಕರುಳು ಚುರ್ ಅಂತು. ಅವನು ಹಾಗೇ ಅಂದನಾ, ಅಥವಾ ನೀನು ಸ್ವಲ್ಪ…” ಕೈಯಿಂದ ಉಪ್ಪು ಉದುರಿಸುವ ಹಾಗೆ ಮಾಡಿ ತೋರಿಸಿದರು.

“ಕೈ ಬೀಸಿದ ಅಂದ. ಹೌದು.”

“ಗ್ರೇಟ್. ನೋಡು, ಅಲ್ಲಿ ನಮ್ಮ ರಾಯಭಾರ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗ್ತಿದೆ. ಸಚಿವರು ಈಗ ತಾನೆ ನಿನ್ನ ಹೆಸರು ಹೇಳಿದ್ರು. ತಾಯಿ ಆ ಕಡೆಯವರಲ್ಲವಾ? ಕರ್ಕೊಂಡು ಹೋಗು. ಸಾಯೋದ್ರೊಳಗೆ ಒಂದು ಸಲ ತವರು ನೋಡಲಿ.”

ಅವನು “ಥ್ಯಾಂಕ್ಸ್ ಸರ್,” ಎಂದ. ಅದು ತಾನಾಗಿಯೇ ಬಂತು.

ಗೇಟಿನ ಹತ್ತಿರ ನಿಂತು ಮನೆಗೆ ಫೋನ್ ಮಾಡಿದ. ಹೆಂಡತಿ ಎತ್ತಿದಳು.

“ಟೀವಿಯಲ್ಲಿ ಚೆನ್ನಾಗಿ ಕಾಣಿಸ್ತಿದ್ರಿ. ಕಾಲರ್ ಒಂದು ಕಡೆ ಒಳಗೆ ಮಡಚಿಕೊಂಡಿತ್ತು.”

“ಅಮ್ಮ ನೋಡಿದಳಾ?”

“ನೋಡಿದ್ರು. ಆ ಮನುಷ್ಯ ಮಾತಾಡುವಾಗ ಕುರ್ಚಿಯಿಂದ ಎದ್ದು, ಟೀವಿ ಹತ್ತಿರ ಹೋಗಿ, ಗಾಜಿಗೆ ಕೈ ಇಟ್ಟುಬಿಟ್ರು. ನಾನೇ ಹಿಡಿದು ಕೂರಿಸಿದೆ.”

“ಆಮೇಲೆ?”

“ಆಮೇಲೇನು. ನೀವು ಮಾತಾಡಿದ್ರಿ. ‘ಅಲೆ ಜೋರಿತ್ತು ಅಂದನಾ?’ ಅಂತ ನನ್ನ ಕೇಳಿದ್ರು. ಹೌದಲ್ಲ ಅತ್ತೆ, ಅಂದೆ. ಎದ್ದು ಹೋಗಿ ಬಟ್ಟೆ ಮಡಚೋಕೆ ಕೂತ್ರು.”

“ಫೋನ್ ಕೊಡು.”

ಅವಳ ಹೆಜ್ಜೆಯ ಸದ್ದು ಒಳಕ್ಕೆ ಹೋಯಿತು. ಆಮೇಲೆ ಹೆಂಡತಿಯೇ ಬಂದಳು. “ಕೈ ಬಿಡುವಿಲ್ಲವಂತೆ.”

ಮನೆಗೆ ನಡೆದೇ ಹೋದ. ಏರು ರಸ್ತೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಆಫೀಸಿನ ಮಾತಿನಲ್ಲಿ ಅದು ಸಲೀಸಾಗಿ ಬಂತು: ಉಭಯ ದೇಶಗಳ ದೀರ್ಘಕಾಲೀನ ಹಿತದೃಷ್ಟಿಯಿಂದ, ಸಂದರ್ಭದ ಸೂಕ್ಷ್ಮತೆಯನ್ನು ಗಮನದಲ್ಲಿಟ್ಟು. ಆದರೆ ತಾಯಿಯ ಮಾತಿಗೆ ಅದನ್ನು ತರಲು ಹೋದರೆ ಒಂದೊಂದು ಪದವೂ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ನಲ್ಲಿಯ ಸದ್ದಿನಲ್ಲಿ ಕಲಿತ ಭಾಷೆಯಲ್ಲಿ ಹಿತದೃಷ್ಟಿ ಇರಲಿಲ್ಲ. ಹಸಿವು ಇತ್ತು, ಉರಿ ಇತ್ತು, ಸುಳ್ಳುಬುರುಕ ಎಂಬುದಿತ್ತು. ಹೀಗೆ ಹೇಳು ಅಂತ ಯಾರೂ ನನಗೆ ಹೇಳಿಕೊಡಲಿಲ್ಲ ಅಮ್ಮಾ, ಎಂದು ಶುರುಮಾಡಿ ನೋಡಿದ. ಅದು ಸಮಜಾಯಿಷಿಯ ಹಾಗೆ ಕೇಳಿಸಲಿಲ್ಲ. ಬೇರೆ ಏನೋ ಆಗಿ ಕೇಳಿಸಿತು. ಹೆದರಿಕೆಯಿಂದ ಅವನು ಅಲ್ಲಿಗೇ ನಿಲ್ಲಿಸಿದ.

ಸಿಹಿ ಸುದ್ದಿ ಮೊದಲು ಹೇಳುವುದು ಒಳ್ಳೆಯದೆಂದು ತೀರ್ಮಾನಿಸಿದ.

ಒಳಗೆ ತಾಯಿ ಊಟದ ಮೇಜಿನ ಮುಂದೆ ಕೂತು ಬೀನ್ಸ್ ಮುರಿಯುತ್ತಿದ್ದಳು. ಎದುರಿಗೆ ಹೆಂಡತಿ ಟ್ಯೂಷನ್ ಮಕ್ಕಳ ಲೆಕ್ಕ ತಿದ್ದುತ್ತಿದ್ದಳು. ಟೀವಿ ಆರಿತ್ತು, ಅದರ ಎದುರಿಗೆ ಎಳೆದಿದ್ದ ಕುರ್ಚಿ ಗೋಡೆಯ ಬದಿಗೆ, ತನ್ನ ಮಾಮೂಲು ಜಾಗಕ್ಕೆ, ಹೋಗಿತ್ತು.

ಅವನು ಬೂಟು ಬಿಚ್ಚಿದವನೇ ತಾಯಿಯ ಹತ್ತಿರ ಕುಕ್ಕರಿಸಿ, ಅವಳ ಮಾತಿನಲ್ಲೇ, ಅದರ ಒರಟಿನಲ್ಲೇ, ಇಸ್ತ್ರಿಯಿಲ್ಲದೆ, “ಅಮ್ಮಾ, ನಿನ್ನೂರಿಗೆ ಹೋಗೋಣ. ನನಗೆ ಅಲ್ಲಿಗೇ ವರ್ಗ. ನಿನ್ನನ್ನೂ ಕರ್ಕೊಂಡು ಹೋಗ್ತೀನಿ,” ಎಂದ.

ತಾಯಿ ಕೈಯಲ್ಲಿದ್ದ ಬೀನ್ಸಿನ ನಾರು ಎಳೆದು ಪಕ್ಕಕ್ಕಿಟ್ಟಳು. ಸೊಸೆಯ ಕಡೆ ತಿರುಗಿ, ಈಚೆಯ ಭಾಷೆಯಲ್ಲಿ ಕೇಳಿದಳು:

“ಏನಂತೆ ಇವನಿಗೆ?”

ಹೆಂಡತಿ ಪೆನ್ನು ಹಿಡಿದೇ ನಕ್ಕಳು. “ನನಗೇನು ಗೊತ್ತು ಅತ್ತೆ? ನಿಮ್ಮ ಭಾಷೆ.”

“ನನ್ನದಾ? ನನಗೊಂದೂ ತಿಳೀಲಿಲ್ಲ.”

ಅವನು ಮತ್ತೆ ಹೇಳಿದ. ನಿಧಾನವಾಗಿ, ಬಿಡಿಸಿ. ತಾಯಿ ಅವನ ಮುಖವನ್ನೇ ಗಮನವಿಟ್ಟು ನೋಡಿದಳು, ಪರದೇಶದವರು ದಾರಿ ಕೇಳಿದಾಗ ಪಾಪ ಎಂದು ನೋಡುತ್ತಾರಲ್ಲ, ಹಾಗೆ. ಆಮೇಲೆ ಮತ್ತೆ ಸೊಸೆಯ ಕಡೆ ತಿರುಗಿದಳು. ಸೊಸೆ ಈಗ ನಗುತ್ತಿರಲಿಲ್ಲ. ಇಬ್ಬರ ಮುಖವನ್ನೂ ಒಂದಾದಮೇಲೊಂದು ನೋಡಿದಳು.

“ಏನಂದ್ರಿ ನೀವು? ಹೇಳಿಬಿಡಿ,” ಎಂದಳು.

“ಅವಳ ಊರಿಗೆ ಹೋಗೋಣ ಅಂದೆ.” ಅವನು ಅದನ್ನು ಈಚೆಯ ಭಾಷೆಯಲ್ಲಿ, ತಾಯಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ, ಹೇಳಿದ. ತಾಯಿ ಸೊಸೆಯ ಬಾಯಿಯನ್ನೇ ನೋಡುತ್ತ ಕಾದಳು.

“ನಿಮ್ಮೂರಿಗೆ ಹೋಗೋಣ ಅಂತಾರೆ ಅತ್ತೆ,” ಎಂದಳು ಹೆಂಡತಿ.

“ಯಾವೂರಿಗೆ ಅಂತ ಕೇಳು.”

“ಯಾವೂರಿಗೆ ಅಂತ ಕೇಳ್ತಾರೆ.”

“ಅಮ್ಮಾ, ಸಾಕು.”

“ಸಾಕು ಅಂತಾರೆ ಅತ್ತೆ.”

“ನನಗೆ ಅಲ್ಲಿಯ ಭಾಷೆ ಬರಲ್ಲ ಅಂತ ಹೇಳು,” ಎಂದಳು ತಾಯಿ.

ಐವತ್ತು ವರ್ಷ ಈ ನೆಲದಲ್ಲಿ ಬಾಳಿದರೂ ಅವಳ ಈಚೆ ಮಾತಿನಲ್ಲಿ ಒಂದು ತೊಡಕು ಉಳಿದೇ ಇತ್ತು. ಅಪ್ಪನ ಕಡೆಯವರು ಎದುರಿಗೇ ಆಡಿಕೊಂಡು ನಗುತ್ತಿದ್ದ ತೊಡಕು. ಇವತ್ತು ಅವಳು ಒಂದೊಂದು ಅಕ್ಷರವನ್ನೂ ಜೋಪಾನವಾಗಿ, ಎಡವದೆ, ಇಟ್ಟು ಇಟ್ಟು ಹೇಳಿದಳು.

ಅವನು ಕುಕ್ಕರಿಸಿದ್ದಲ್ಲೇ ಇದ್ದ. ಮಂಡಿ ನೋಯತೊಡಗಿತು. “ನಾನೇನು ಮಾಡಬೇಕಿತ್ತು?” ಎಂದು ಕೇಳಿದ. ಎರಡರಲ್ಲಿ ಯಾವ ಭಾಷೆಯಲ್ಲಿ ಕೇಳಿದ ಎಂಬುದು ಅವನಿಗೇ ತಿಳಿಯಲಿಲ್ಲ. ಹೆಂಡತಿ ಅದನ್ನು ದಾಟಿಸಲಿಲ್ಲ. ತಾಯಿ ಕೇಳಲಿಲ್ಲ. ಮೇಜಿನ ಮೇಲೆ ಮುರಿದ ಬೀನ್ಸ್ ಒಂದು ಕಡೆ, ಮುರಿಯದವು ಒಂದು ಕಡೆ. ಅವಳು ಇನ್ನೊಂದನ್ನು ಎತ್ತಿಕೊಂಡಳು.

ಎದ್ದು ಮಹಡಿಯ ಮೆಟ್ಟಿಲು ಹತ್ತಿದ. ಹಿಂದಿನಿಂದ ತಾಯಿಯ ದನಿ ಕೇಳಿಸಿತು, ಸೊಸೆಗೆ ಹೇಳುತ್ತಿದ್ದಳು: “ಆ ಹುಡುಗನಿಗೆ ದಾರಿಯಲ್ಲಿ ಉಣ್ಣೋಕೆ ಕೊಡ್ತಾರೋ ಇಲ್ಲವೋ.” ಅದನ್ನೂ ಈಚೆಯ ಭಾಷೆಯಲ್ಲೇ ಹೇಳಿದಳು.

ಮಹಡಿಯ ಮೇಲೆ ಗಾಳಿಯಿತ್ತು. ಸೂರ್ಯ ಆಗಷ್ಟೇ ಮುಳುಗಿ, ನೀರು ಸೀಸದ ಬಣ್ಣಕ್ಕೆ ತಿರುಗುತ್ತಿತ್ತು. ಧಕ್ಕೆಯಿಂದ ಆಚೆ ಎರಡು ಯುದ್ಧನೌಕೆಗಳೂ ಲಂಗರು ಎತ್ತಿ, ಒಂದಕ್ಕೊಂದು ಸ್ವಲ್ಪ ದೂರದಲ್ಲಿ, ಹೊರಡಲು ಸಿದ್ಧವಾಗಿ ನಿಂತಿದ್ದವು. ಯಾವುದು ಯಾರದು ಎಂದು ಈ ಬೆಳಕಿನಲ್ಲಿ ಗೊತ್ತಾಗುತ್ತಿರಲಿಲ್ಲ.

ಒಂದರ ಮೇಲಿನಿಂದ ಸಂಕೇತದ ದೀಪವೊಂದು ಮಿಟುಕಿತು. ಉದ್ದ, ಗಿಡ್ಡ, ಗಿಡ್ಡ, ಉದ್ದ. ನಿಂತಿತು. ಇನ್ನೊಂದು ಉತ್ತರ ಕೊಟ್ಟಿತು. ಮೊದಲನೆಯದು ಮತ್ತೆ ಏನೋ ಕೇಳಿತು. ಎರಡನೆಯದು ತಡವರಿಸದೆ ಹೇಳಿತು. ನೀರಿನ ಮೇಲೆ ಯಾವ ಸದ್ದೂ ಇರಲಿಲ್ಲ. ಎಲ್ಲವೂ ಅವುಗಳಿಗೆ ಪರಸ್ಪರ ಅರ್ಥವಾಗುತ್ತಿತ್ತು.

ಅವನು ಕಟ್ಟೆಗೆ ಒರಗಿ ನೋಡುತ್ತ ನಿಂತ. ಒಂದು ದೀಪ ಆರಿ ಇನ್ನೊಂದು ಹೊತ್ತುವ ನಡುವಿನ ಕತ್ತಲಲ್ಲಿ ಅವನ ಬಾಯಿ ಅಭ್ಯಾಸಬಲದಿಂದ ತೆರೆಯಿತು, “ನಾನು,” ಎಂದಿತು, ಮುಂದಿನ ಮಾತಿಗಾಗಿ ಕಾಯಿತು. ಆಚೆ ದೀಪ ಮಿಟುಕಿತು. ಈಚೆ ದೀಪ ಮಿಟುಕಿತು. ಬಾಯಿ ಹಾಗೇ ತೆರೆದುಕೊಂಡಿತ್ತು. ಅದರೊಳಗೆ ಉಪ್ಪುಗಾಳಿ ಹೋಗುತ್ತಿತ್ತು, ಬರುತ್ತಿತ್ತು.